ಸಮಾಜ ಸೇವಕರು, ಮೆಲ್ಕಾರ್

ನಮ್ಮ ಕಡೆ ಆಮಂತ್ರಣ ಪತ್ರಿಕೆಯಲ್ಲಿ ಒಬ್ಬ ಮನುಷ್ಯನ ಹೆಸರು ಹಾಕಿದ ಮೇಲೆ ಅದರ ಕೆಳಗಿನ ಸಾಲನ್ನು ಖಾಲಿ ಬಿಡುವ ಪದ್ಧತಿ ಇಲ್ಲ. ಹೆಸರು ದಪ್ಪ ಅಕ್ಷರದಲ್ಲಿ, ಅದರ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಆತ ಯಾರು ಎಂಬುದು. ಅಂಗಡಿ ಇದ್ದವರು ಉದ್ಯಮಿಗಳು. ನಾಲ್ಕು ತೆಂಗಿನಮರ ಇದ್ದವರು ಪ್ರಗತಿಪರ ಕೃಷಿಕರು. ಯಾವುದಾದರೂ ಸಂಘಕ್ಕೆ ಒಮ್ಮೆ ಅಧ್ಯಕ್ಷರಾಗಿದ್ದವರು ಸಾಯುವ ತನಕ ಮಾಜಿ ಅಧ್ಯಕ್ಷರು. ಇದ್ಯಾವುದೂ ಅಲ್ಲದ ನನ್ನಂಥವನಿಗೆ 'ಹಿತೈಷಿಗಳು' ಎಂದು ಹಾಕುತ್ತಾರೆ. ಯಾರ ಹಿತ ಎಂದು ನಾನೂ ಕೇಳಿಲ್ಲ, ಅವರೂ ಹೇಳಿಲ್ಲ.

ಮೆಲ್ಕಾರ್‌ನಿಂದ ಎರಡು ಕಿಲೋಮೀಟರ್ ಒಳಗಿರುವ ನಮ್ಮೂರ ಶಾಲೆಗೆ ಈ ವರ್ಷ ಎಪ್ಪತ್ತೈದು ತುಂಬಿತು. ಅಮೃತ ಮಹೋತ್ಸವದ ಪತ್ರಿಕೆಯನ್ನು ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಸಂದೇಶ್ ತನ್ನ ಝೆರಾಕ್ಸ್ ಅಂಗಡಿಯಲ್ಲೇ ಕೂತು ಜೋಡಿಸಿದ. ವೇದಿಕೆಯ ಮೇಲೆ ಕೂರುವ ಹದಿನೇಳು ಜನರಲ್ಲಿ ನನ್ನನ್ನೂ ಸೇರಿಸಿ ಹದಿನಾರು ಜನರಿಗೆ ಅಡಿಸಾಲು ಸಿಕ್ಕಿತು. ಹದಿನೇಳನೆಯವರು ಶೀನಪ್ಪ. ಮಸ್ಕತ್‌ನಲ್ಲಿ ಇಪ್ಪತ್ತೊಂಬತ್ತು ವರ್ಷ ಒಬ್ಬ ದೊಡ್ಡ ಮನುಷ್ಯನ ಕಾರು ಓಡಿಸಿ ಹೋದ ವರ್ಷವಷ್ಟೇ ಊರಿಗೆ ಮರಳಿದವರು. 'ನಿವೃತ್ತ ಚಾಲಕರು' ಎಂದು ಹಾಕಿದರೆ ಇಬ್ಬರು ಉದ್ಯಮಿಗಳ ನಡುವೆ ಚೆಂದ ಕಾಣುವುದಿಲ್ಲ ಎಂದು ಸಂದೇಶನಿಗೆ ಅನಿಸಿತು. ಖಾಲಿ ಬಿಟ್ಟರೆ ಸಾಲು ಮೇಲೆ ಕೆಳಗೆ ಆಗುತ್ತದೆ. ಅರ್ಧ ನಿಮಿಷ ಯೋಚಿಸಿ 'ಸಮಾಜ ಸೇವಕರು, ಮೆಲ್ಕಾರ್' ಎಂದು ಹೊಡೆದ. ಸಾಲು ಸರಿಯಾಗಿ ಕೂತಿತು. ಸಾವಿರದೈನೂರು ಪ್ರತಿ ಅಚ್ಚಾಯಿತು.

ಪತ್ರಿಕೆ ಕೈಗೆ ಬಂದಾಗ ಶೀನಪ್ಪ ಅದನ್ನು ಮೂರು ಸಲ ಓದಿ, ಕನ್ನಡಕ ಒರೆಸಿ ನಾಲ್ಕನೆಯ ಸಲ ಓದಿದರು. ನಾನು ಅವರ ಜಗಲಿಯಲ್ಲೇ ಕೂತಿದ್ದೆ. ಪಕ್ಕದ ಮನೆಯವನು, ಜತೆಗೆ ಅವರ ತರಗತಿಯವನು.

"ಇದು ನಾನಾ?" ಎಂದರು.

"ಫೋಟೋ ಹಾಕಿದ್ದಾರಲ್ಲ. ನೀವೇ."

"ನಾನು ಯಾವ ಸಮಾಜಕ್ಕೆ ಎಂತ ಸೇವೆ ಮಾಡಿದ್ದೇನೆ ಮಾರಾಯ್ರೆ?"

ಒಳಗಿನಿಂದ ಅವರ ಹೆಂಡತಿ ಶಶಿಪ್ರಭಾ ಉತ್ತರ ಕೊಟ್ಟರು. "ನೀವು ಉಟ್ಟ ಲುಂಗಿಯನ್ನು ನೀವೇ ತೆಗೆದು ಹಗ್ಗಕ್ಕೆ ಹಾಕಿದ್ದು ನಾನು ನೋಡಿಲ್ಲ. ಆದರೆ ಅದನ್ನು ಊರಿಗೆಲ್ಲ ಹೇಳುವುದು ಬೇಡ. ನಾನು ಆಗಲೇ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ ಆಯ್ತು. ಬೆಳ್ತಂಗಡಿಯಿಂದ ಅಣ್ಣ ಎರಡು ಕೈ ಮುಗಿದದ್ದು ಕಳಿಸಿದ್ದಾನೆ. ಇಷ್ಟು ವರ್ಷದಲ್ಲಿ ಅವನು ನಿಮಗೆ ಕೈ ಮುಗಿದದ್ದು ಇದೇ ಮೊದಲು."

ಶೀನಪ್ಪ ಸೀದಾ ಝೆರಾಕ್ಸ್ ಅಂಗಡಿಗೆ ಹೋದರು. ನಾನೂ ಹೋದೆ, ಇಂಥದ್ದನ್ನು ತಪ್ಪಿಸಿಕೊಳ್ಳುವ ಸ್ವಭಾವ ನನ್ನದಲ್ಲ. ಪತ್ರಿಕೆ ಹಂಚಿ ಆಗಿದೆ, ಇನ್ನು ದೇವರೇ ಬಂದರೂ ತಿದ್ದಲಿಕ್ಕೆ ಆಗುವುದಿಲ್ಲ ಎಂದ ಸಂದೇಶ. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. "ಮತ್ತೆ ಒಂದು ವಿಷಯ ಉಂಟು. ವೇದಿಕೆಯಲ್ಲಿ ಪ್ರತಿಯೊಬ್ಬರದ್ದೂ ಎರಡು ನಿಮಿಷ ಪರಿಚಯ ಓದ್ತೇನೆ. ನಿಮ್ಮ ಸೇವೆಗಳದ್ದು ಒಂದು ಪಟ್ಟಿ ಕೊಡಿ. ಜಾಸ್ತಿ ಬೇಡ, ಹತ್ತು ಹನ್ನೆರಡು ಸಾಕು."

"ಒಂದೂ ಇಲ್ಲ."

"ಇಲ್ಲದಿದ್ದರೆ ನಾನೇ ಬರೀತೇನೆ ಬಿಡಿ. ಬಡವರ ಬಂಧು, ಕೊಡುಗೈ ದಾನಿ. ನನ್ನ ಹತ್ತಿರ ರೆಡಿ ಉಂಟು."

ಶೀನಪ್ಪನ ಮುಖ ಕೆಂಪಾಯಿತು. ಆ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಕಡಿಮೆ. "ಅದೇ ಶಾಲೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಬೆಂಚಿನ ಮೇಲೆ ನಿಂತವ ನಾನು. ಈಗ ಅಲ್ಲೇ ಹಾರ ಹಾಕಿಕೊಂಡು ಕೂತು, ಮಕ್ಕಳ ಎದುರು ನನ್ನ ಬಗ್ಗೆ ಸುಳ್ಳು ಕೇಳುವುದಾ? ಆಗುವುದಿಲ್ಲ. ಕಾರ್ಯಕ್ರಮಕ್ಕೆ ಇಪ್ಪತ್ತೆರಡು ದಿನ ಉಂಟು. ಅಷ್ಟರಲ್ಲಿ ಒಂದು ಸೇವೆ ಮಾಡ್ತೇನೆ. ಒಂದೇ ಸಾಕು. ನಿಜದ್ದು ಓದು, ಇಲ್ಲದಿದ್ದರೆ ನಾನು ವೇದಿಕೆ ಹತ್ತುವುದಿಲ್ಲ."

ಒಂದು ಸೇವೆ ಮಾಡಲು ಇಪ್ಪತ್ತೆರಡು ದಿನ ಧಾರಾಳ ಎಂದು ನಾನೂ ನಂಬಿದ್ದೆ. ಆದರೆ ನಾವಿಬ್ಬರೂ ಒಂದು ಸಂಗತಿಯನ್ನು ಮರೆತಿದ್ದೆವು. ಆರು ತಿಂಗಳಲ್ಲಿ ಗ್ರಾಮ ಪಂಚಾಯತ್ ಚುನಾವಣೆಯಿತ್ತು.

ಮರುದಿನ ಬೆಳಿಗ್ಗೆ ಶೀನಪ್ಪ ಕತ್ತಿ, ಹಾರೆ ಹಿಡಿದು ಬಸ್ ತಂಗುದಾಣಕ್ಕೆ ಹೋದರು. ಅದರ ಮೇಲೆ ಬಳ್ಳಿ ಹಬ್ಬಿ, ಒಳಗೆ ದನಗಳು ಮಲಗಿ, ಪ್ರಯಾಣಿಕರು ರಸ್ತೆಯಲ್ಲಿ ನಿಲ್ಲುವುದು ಶುರುವಾಗಿ ಎಷ್ಟು ವರ್ಷವಾಯಿತೆಂದು ದನಗಳಿಗೂ ನೆನಪಿರಲಿಕ್ಕಿಲ್ಲ. ಶೀನಪ್ಪ ಬಳ್ಳಿಯನ್ನು ಕಾಲು ಭಾಗ ಕಡಿದಿದ್ದರು. ಆಗ ನಮ್ಮ ವಾರ್ಡಿನ ಪಂಚಾಯತ್ ಸದಸ್ಯ ಸುಬ್ಬಪ್ಪ ಸ್ಕೂಟರಿನಲ್ಲಿ ಆ ದಾರಿಯಾಗಿ ಬಂದವರು ಬ್ರೇಕ್ ಹಾಕಿದರು.

"ಎಂತ ಶೀನಪ್ಪಣ್ಣ, ಕತ್ತಿ ಹಿಡಿದು?"

"ಸ್ವಲ್ಪ ಸಮಾಜ ಸೇವೆ."

ಸುಬ್ಬಪ್ಪ ಸ್ಕೂಟರಿನ ಸ್ಟ್ಯಾಂಡ್ ಹಾಕಿದರು. ನಮ್ಮೂರಿನಲ್ಲಿ ಚುನಾವಣೆಯ ವರ್ಷ ಒಬ್ಬ ಮನುಷ್ಯ ಕಾರಣವಿಲ್ಲದೆ ಕಸ ಹೆಕ್ಕಿದರೆ ಅದಕ್ಕೆ ಇರುವುದು ಒಂದೇ ಅರ್ಥ. "ಯಾವ ಪಕ್ಷದ ಬೆಂಬಲ?" ಎಂದು ಮೆಲ್ಲನೆ ಕೇಳಿದರು.

"ಪಕ್ಷ ಎಂತದ್ದೂ ಇಲ್ಲ."

"ಪಕ್ಷೇತರವಾ!" ಎಂದು ಸುಬ್ಬಪ್ಪ ಎದೆ ಮುಟ್ಟಿಕೊಂಡರು. ಎದುರಾಳಿ ಪಕ್ಷದವನಾದರೆ ಅವನ ಮತ ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಪಕ್ಷೇತರ ಎಲ್ಲರ ಮನೆಯಿಂದಲೂ ಸ್ವಲ್ಪ ಸ್ವಲ್ಪ ಒಯ್ಯುತ್ತಾನೆ. ಜತೆಗೆ ಇವನು ಗಲ್ಫ್‌ನವನು, ಪತ್ರಿಕೆಯಲ್ಲಿ ಸಮಾಜ ಸೇವಕನೆಂದು ಅಚ್ಚು ಹಾಕಿಸಿಕೊಂಡವನು. ಎಷ್ಟು ಮುಂದಾಲೋಚನೆ!

ಮರುದಿನ ಉಳಿದ ಮುಕ್ಕಾಲು ಭಾಗ ಕಡಿಯಲು ಶೀನಪ್ಪ ಹೋದಾಗ ಅಲ್ಲಿ ಬಳ್ಳಿ ಇರಲಿಲ್ಲ. ಐದು ಆಳು, ಎರಡು ಹುಲ್ಲು ಕೊಯ್ಯುವ ಯಂತ್ರ, ಸುಣ್ಣ, ಬಣ್ಣ. ಹನ್ನೊಂದು ಗಂಟೆಯೊಳಗೆ ತಂಗುದಾಣ ಮದುಮಗನ ಹಾಗೆ ನಿಂತಿತು. ಎದುರಿಗೆ ಸುಬ್ಬಪ್ಪನವರ ನಗುಮುಖದ ಬ್ಯಾನರ್. ಶೀನಪ್ಪ ಹಾರೆ ಹೆಗಲಿಗಿಟ್ಟು ಮನೆಗೆ ಬಂದರು. ಕಾಲು ಭಾಗ ಬಳ್ಳಿ ಕಡಿದದ್ದನ್ನು ಪರಿಚಯದಲ್ಲಿ ಓದಲಾಗುತ್ತದೆಯೇ ಎಂದು ನನ್ನಲ್ಲಿ ಕೇಳಿದರು. ಆಗುವುದಿಲ್ಲ ಎಂದೆ.

ಅವರು ಎದೆಗುಂದಲಿಲ್ಲ. ಮಸೀದಿಯ ತಿರುವಿನಲ್ಲಿದ್ದ ದೊಡ್ಡ ಹೊಂಡಕ್ಕೆ ಗೋಣಿಯಲ್ಲಿ ಮಣ್ಣು ಹೊತ್ತು ಹಾಕಿದರು. ಎರಡನೆಯ ಗೋಣಿ ತರಲು ಹೋಗಿ ಬರುವಷ್ಟರಲ್ಲಿ ಯಾರೋ ಸುಬ್ಬಪ್ಪನಿಗೆ ಫೋನ್ ಮಾಡಿಯಾಗಿತ್ತು. ಹದಿನೇಳು ತಿಂಗಳಿನಿಂದ ಮನವಿ ಕೊಟ್ಟರೂ ಮುಚ್ಚದ ಹೊಂಡಕ್ಕೆ ಸಂಜೆ ನಾಲ್ಕಕ್ಕೆ ಟಿಪ್ಪರಿನಲ್ಲಿ ಜಲ್ಲಿ ಬಂತು, ಐದಕ್ಕೆ ಡಾಮರು ಬಂತು. ರೋಲರಿನ ಪಕ್ಕ ಸುಬ್ಬಪ್ಪ ಬೆವರು ಒರೆಸುತ್ತ ನಿಂತಿದ್ದರು. ಶೀನಪ್ಪ ತಮ್ಮ ಗೋಣಿಯನ್ನು ಯಾರಿಗೂ ಕಾಣದ ಹಾಗೆ ಬೇಲಿಯ ಬದಿಗೆ ಸುರಿದರು.

ಆಮೇಲೆ ನಡೆದದ್ದು ಬೀದಿದೀಪದ ವಿಷಯ. ನಿಜ ಹೇಳಬೇಕೆಂದರೆ ಅಲ್ಲಿ ಶೀನಪ್ಪ ಏನನ್ನೂ ಮಾಡಲಿಲ್ಲ. ಕೆಟ್ಟುಹೋದ ದೀಪದ ಕಂಬದ ಕೆಳಗೆ ಚಪ್ಪಲಿಯ ಬಾರು ಕಿತ್ತುಹೋಯಿತೆಂದು ನಿಂತರು. ನಿಂತವರು ಒಮ್ಮೆ ಮೇಲೆ ನೋಡಿದರು, ಅಷ್ಟೆ. ಎರಡು ಗಂಟೆಯೊಳಗೆ ಏಣಿ ಹಿಡಿದು ಲೈನ್‌ಮ್ಯಾನ್ ಬಂದ. ಆ ರಾತ್ರಿಯಿಂದ ಮೂರು ಮನೆಯವರು ಟಾರ್ಚ್ ಇಲ್ಲದೆ ನಡೆದರು.

ನಮ್ಮೂರಿನ ಜನರಿಗೆ ಎಲ್ಲವೂ ನಿಧಾನವಾಗಿ ಅರ್ಥವಾಗುತ್ತದೆ ಎಂಬ ಅಪವಾದವಿದೆ. ಇದು ಮಾತ್ರ ಒಂದೇ ದಿನದಲ್ಲಿ ಅರ್ಥವಾಯಿತು. ಮರುದಿನ ಬೆಳಿಗ್ಗೆ ಏಳಕ್ಕೆ ಶೀನಪ್ಪನ ಜಗಲಿಯಲ್ಲಿ ನಾಲ್ಕು ಜನ.

"ಶೀನಪ್ಪಣ್ಣ, ನಮ್ಮ ಓಣಿಯಲ್ಲಿ ನೀರಿನ ಪೈಪು ಒಡೆದು ಎರಡು ತಿಂಗಳಾಯ್ತು. ನೀವು ಎಂತದ್ದೂ ಮಾಡುವುದು ಬೇಡ. ಒಮ್ಮೆ ಬಂದು ನೋಡಿ ಹೋಗಿ."

"ನಾನು ನೋಡಿ ಎಂತ ಮಾಡುವುದು?"

"ಸುಮ್ಮನೆ ನೋಡಿ. ಐದು ನಿಮಿಷ. ಆದರೆ ಕೈಯಲ್ಲಿ ಹಾರೆ ಇರಲಿ."

ಅವರು ಹೋದರು, ನೋಡಿದರು. ಕುರ್ಚಿ ಹಾಕಿ ಚಹಾ ಕೊಟ್ಟರು. ಚಹಾ ಮುಗಿಯುವ ಮೊದಲು ಪಂಚಾಯತಿನ ಪ್ಲಂಬರ್ ಬಂದ. ಅಲ್ಲಿಂದ ಅಂಗನವಾಡಿಯ ಸೋರುವ ಮಾಡು ನೋಡಿದರು, ಹೆಂಚು ಬಂತು. ಮೋರಿ ನೋಡಿದರು, ಜೆಸಿಬಿ ಬಂತು. ಎರಡು ವಾರದಲ್ಲಿ ನಮ್ಮ ವಾರ್ಡಿನಲ್ಲಿ ಆದ ಕೆಲಸ ಹಿಂದಿನ ನಾಲ್ಕೂವರೆ ವರ್ಷದಲ್ಲಿ ಆಗಿರಲಿಲ್ಲ. ಪಕ್ಕದ ವಾರ್ಡಿನವರು ಶೀನಪ್ಪನನ್ನು ಒಂದು ದಿನದ ಮಟ್ಟಿಗೆ ಕೊಡುತ್ತೀರಾ ಎಂದು ಶಶಿಪ್ರಭಾರಲ್ಲಿ ಕೇಳಿದರು.

ಇಷ್ಟೆಲ್ಲ ಆಗುವಾಗ ದುಃಖದಲ್ಲಿ ಇದ್ದವರು ಇಬ್ಬರೇ. ಒಬ್ಬರು ಸುಬ್ಬಪ್ಪ, ಅವರ ತೂಕ ಇಳಿದಿತ್ತು. ಇನ್ನೊಬ್ಬರು ಶೀನಪ್ಪ. "ಒಂದೂ ನನ್ನದಲ್ಲ ಮಾರಾಯ್ರೆ. ನಾನು ಕೈ ಹಾಕುವ ಮೊದಲೇ ಕೆಲಸ ಮುಗಿಯುತ್ತದೆ. ನಾನು ನೋಡಿದ್ದು ಮಾತ್ರ. ನೋಡುವುದು ಸೇವೆಯಾ?"

ಒಂದು ಸಂಜೆ ಸುಬ್ಬಪ್ಪ ಹಲಸಿನ ಹಣ್ಣು ಹಿಡಿದು ಮನೆಗೇ ಬಂದರು. ಜಗಲಿಯ ಮೇಲೆ ಹಣ್ಣನ್ನು ಇಟ್ಟು ಪಕ್ಕದಲ್ಲಿ ತಾವೂ ಕುಸಿದರು. "ಶೀನಪ್ಪಣ್ಣ, ಇವತ್ತು ಒಂದು ಮಾತು ಹೇಳಿಬಿಡಿ. ಚುನಾವಣೆಗೆ ಇಳಿಯುತ್ತೀರಾ, ಇಲ್ಲವಾ? ನನಗೆ ಹೀಗೆ ಓಡಿ ಓಡಿ ಬಿಪಿ ಜಾಸ್ತಿಯಾಗಿದೆ."

"ದೇವರಾಣೆ ಇಲ್ಲ," ಎಂದರು ಶೀನಪ್ಪ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶಶಿಪ್ರಭಾ ಬಾಗಿಲಿಗೆ ಬಂದು ನಿಂತರು. ಗಂಡನಿಂದ ಆಗದ್ದು ಇದೆ ಎಂದು ಅವರು ಮನೆಯೊಳಗೆ ಎಷ್ಟು ಸಲ ಬೇಕಾದರೂ ಹೇಳುತ್ತಾರೆ. ಹೊರಗಿನವರ ಎದುರು ಒಪ್ಪುವವರಲ್ಲ. "ಯಾಕೆ, ಇಳಿದರೆ ಎಂತ? ನಮ್ಮವರಿಗೆ ಎಂತ ಕಡಿಮೆ?" ಎಂದರು. ಸುಬ್ಬಪ್ಪ ಹಲಸಿನ ಹಣ್ಣನ್ನು ಅಲ್ಲೇ ಬಿಟ್ಟು ಹೋದರು, ಹೋದವರು ಆ ವಾರ ಇನ್ನೂ ಮೂರು ಕೆಲಸ ಮಾಡಿಸಿದರು.

ಕಾರ್ಯಕ್ರಮ ಭಾನುವಾರ. ಗುರುವಾರ ಮಧ್ಯಾಹ್ನ ಆಶಾ ಕಾರ್ಯಕರ್ತೆ ರಾಜೀವಿ ಛತ್ರಿ ಮಡಚುತ್ತ ಒಳಗೆ ಬಂದಳು. ಅವಳಿಗೆ ಯಾರ ಜಗಲಿಯಲ್ಲೂ ಕೂರಲು ಸಮಯವಿಲ್ಲ, ನಿಂತೇ ಹೇಳುತ್ತಾಳೆ.

"ಶೀನಪ್ಪಣ್ಣ, ನಿಮ್ಮದು ಸಮಾಜ ಸೇವೆ ಅಲ್ಲವಾ? ಒಬ್ಬರು ಬೈಸ್ಟ್ಯಾಂಡರ್ ಬೇಕು."

ಬೈಸ್ಟ್ಯಾಂಡರ್ ಎಂದರೆ ಆಸ್ಪತ್ರೆಯಲ್ಲಿ ರೋಗಿಯ ಜತೆಗೆ ಇರುವವರು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ರೋಗಿಯಿಲ್ಲದಿದ್ದರೂ ನಡೆದೀತು, ಬೈಸ್ಟ್ಯಾಂಡರ್ ಇಲ್ಲದೆ ನಡೆಯುವುದಿಲ್ಲ. ವಿಷಯ ಅವ್ವಮ್ಮನದು. ಮಸೀದಿ ತಿರುವಿನ ಮನೆಯ ಅವ್ವಮ್ಮ ಐವತ್ತು ವರ್ಷ ಬೀಡಿ ಕಟ್ಟಿದವರು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಎಲೆ ಯಾವುದು ಬೆರಳು ಯಾವುದು ಎಂದು ಗೊತ್ತಾಗದ ಹಾಗಾಗಿತ್ತು. ಮೂಡುಬಿದಿರೆಯ ಕಣ್ಣಾಸ್ಪತ್ರೆಯೊಂದರಲ್ಲಿ ಶನಿವಾರ ಆಪರೇಷನ್ನಿಗೆ ದಿನ ಸಿಕ್ಕಿತ್ತು. ಮಗಳು ಜುವೈರಿಯಾ ಹೆತ್ತು ಹನ್ನೊಂದು ದಿನ. ಅಳಿಯ ಅಬ್ಬಾಸ್ ಲಾರಿಯಲ್ಲಿ ಗುಜರಾತಿಗೆ ಹೋಗಿದ್ದ. ಈ ದಿನ ತಪ್ಪಿದರೆ ಮುಂದಿನದು ಮೂರು ತಿಂಗಳ ಮೇಲೆ.

"ಅವರಿಗೆ ಒಂದೇ ಹಠ," ಎಂದಳು ರಾಜೀವಿ. "ಮಗು ತೀರಿಹೋದ ಅಜ್ಜನ ಹಾಗೆ ಉಂಟು ಅಂತ ಎಲ್ಲರೂ ಹೇಳ್ತಾರಂತೆ. ಅವರಿಗೆ ಯಾರ ಮೇಲೂ ನಂಬಿಕೆ ಇಲ್ಲ. ನನ್ನ ಕಣ್ಣಲ್ಲಿ ನೋಡದೆ ಒಪ್ಪುವುದಿಲ್ಲ ಅಂತಾರೆ."

"ನಾನು ಅಲ್ಲಿ ಎಂತ ಮಾಡಬೇಕು?"

"ಎಂತದ್ದೂ ಇಲ್ಲ. ಕೂರಬೇಕು. ಕರೆದಾಗ ಏಳಬೇಕು. ಶನಿವಾರ ಬೆಳಿಗ್ಗೆ ಹೋದರೆ ಭಾನುವಾರ ಎಂಟು ಗಂಟೆಗೆ ಕಟ್ಟು ಬಿಚ್ಚುತ್ತಾರೆ. ಹತ್ತಕ್ಕೆ ಊರಲ್ಲಿ."

ಶಶಿಪ್ರಭಾ ಹೊರಗೆ ಬಂದರು. ಕಾರ್ಯಕ್ರಮಕ್ಕೆಂದು ತೆಗೆದ ಹಸಿರು ರೇಷ್ಮೆ ಸೀರೆ, ಬೆಳ್ತಂಗಡಿಯಿಂದ ಬರಲಿರುವ ಅಣ್ಣ, ಎರಡನೆಯ ಸಾಲಿನಲ್ಲಿ ಹಿಡಿದಿಟ್ಟ ಕುರ್ಚಿ, ಎಲ್ಲವೂ ಅವರ ಮುಖದಲ್ಲಿತ್ತು. "ಹೋಗುವುದಾದರೆ ಹೋಗಿ. ಆದರೆ ಹತ್ತು ಗಂಟೆಗೆ ನೀವು ಆ ವೇದಿಕೆಯಲ್ಲಿ ಇಲ್ಲದಿದ್ದರೆ ಮತ್ತೆ ಮನೆಗೂ ಬರುವುದು ಬೇಡ," ಎಂದರು.

ನಮ್ಮ ಕಡೆ ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಗುತ್ತದೆ ಎಂಬ ಧೈರ್ಯದ ಮೇಲೆ ಶೀನಪ್ಪ ಒಪ್ಪಿದರು.

ಮುಂದಿನದನ್ನು ನಾನು ಕಣ್ಣಾರೆ ಕಂಡದ್ದಲ್ಲ, ಮೂರು ಜನರಿಂದ ಕೇಳಿದ್ದು. ಮೂವರೂ ಒಂದೇ ರೀತಿ ಹೇಳಿದ್ದರಿಂದ ನಂಬಿದ್ದೇನೆ. ನಮ್ಮೂರಿನಲ್ಲಿ ಅದು ಅಪರೂಪ.

ಶನಿವಾರ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಅವ್ವಮ್ಮನನ್ನು ಕರೆದುಕೊಂಡು ಹೋಗಿ ಶೀನಪ್ಪ ಆಸ್ಪತ್ರೆಯ ಬೆಂಚಿನಲ್ಲಿ ಕೂತದ್ದು ಎಂಟೂವರೆಗೆ. ಎಂಟೂ ನಲ್ವತ್ತಕ್ಕೆ ಸುಬ್ಬಪ್ಪ ಬಂದರು, ಇಸ್ತ್ರಿಯ ಬಿಳಿ ಅಂಗಿ, ಏದುಸಿರು. ಒಂದು ಇಡೀ ಮನೆಯ ಮತ ಮೂಡುಬಿದಿರೆಯ ಬಸ್ಸು ಹತ್ತಿತೆಂದು ಅವರಿಗೆ ಸುದ್ದಿ ಮುಟ್ಟಿತ್ತು.

"ಶೀನಪ್ಪಣ್ಣ, ಅವ್ವಮ್ಮ ನನ್ನ ವಾರ್ಡಿನವರು. ನಾನು ಇರುವಾಗ ನೀವು ಯಾಕೆ ಕಷ್ಟಪಡುವುದು? ಆ ಚೀಟಿ ಇಲ್ಲಿ ಕೊಡಿ."

ಚೀಟಿಯೆಂದರೆ ಬೈಸ್ಟ್ಯಾಂಡರಿನ ಗುರುತುಚೀಟಿ, ಕೊರಳಿಗೆ ಹಾಕುವಂಥದ್ದು. ಶೀನಪ್ಪ ಜಗಳಗಂಟನಲ್ಲ. ಮೂರು ವಾರದಿಂದ ಎಲ್ಲವನ್ನೂ ಬಿಟ್ಟುಕೊಟ್ಟ ಹಾಗೆ ಅದನ್ನೂ ತೆಗೆದುಕೊಟ್ಟರು. ಕ್ಯಾಂಟೀನಿಗೆ ಹೋಗಿ ಚಹಾ ತೆಗೆದುಕೊಂಡು, ಕುಡಿಯದೆ ಎದುರಿಗೆ ಇಟ್ಟುಕೊಂಡು ಕೂತರು. ಕೊನೆಯದೂ ಕೈಬಿಟ್ಟಿತು. ನಾಳೆ ಸಂದೇಶ ಬಡವರ ಬಂಧು ಎಂದು ಓದುತ್ತಾನೆ, ಇಲ್ಲವೆ ತಾನು ವೇದಿಕೆ ಹತ್ತದೆ ಮನೆಯ ಬಾಗಿಲೂ ಮುಚ್ಚುತ್ತದೆ. ಮನುಷ್ಯನಿಗೆ ನಿಜವಾಗಿಯೂ ಅಳು ಬಂದಿತ್ತು, ಅದನ್ನು ಅವರೇ ನನಗೆ ಹೇಳಿದರು.

ಈಚೆ ಬೆಂಚಿನಲ್ಲಿ ಸುಬ್ಬಪ್ಪ ಮೊದಲು ಅವ್ವಮ್ಮನ ಜತೆ ಮೂರು ಫೋಟೋ ತೆಗೆಸಿಕೊಂಡರು. ಆಪರೇಷನ್ನಿಗೆ ಮುಂಚೆ ಹತ್ತು ಹತ್ತು ನಿಮಿಷಕ್ಕೆ ಕಣ್ಣಿಗೆ ಮದ್ದು ಬಿಡುತ್ತಾರೆ; ಸಿಸ್ಟರ್ ಕರೆದಾಗಲೆಲ್ಲ ಬೈಸ್ಟ್ಯಾಂಡರ್ ರೋಗಿಯನ್ನು ಒಳಗೆ ಕರೆದೊಯ್ಯಬೇಕು. ಮೊದಲನೆಯ ಕರೆಗೆ ಸುಬ್ಬಪ್ಪ ಫೋನಿನಲ್ಲಿದ್ದರು. ಎರಡನೆಯ ಕರೆಗೆ ಮೆಟ್ಟಿಲ ಹತ್ತಿರ ಬೇರೆ ಫೋನಿನಲ್ಲಿದ್ದರು. ಮೂರನೆಯದಕ್ಕೆ ತೋಡಾರಿನ ಕಡೆಯ ಯಾರದೋ ಕೈ ಕುಲುಕುತ್ತಿದ್ದರು. ಒಂಬತ್ತೂ ಇಪ್ಪತ್ತಕ್ಕೆ ಅವ್ವಮ್ಮನ ಸ್ವರ ಕ್ಯಾಂಟೀನಿಗೆ ಕೇಳಿಸಿತು.

"ಯಾರಾದರೂ ಈ ಮನುಷ್ಯನನ್ನು ಕಳಿಸಿ! ಇವನಿಗೆ ಕೂರಲಿಕ್ಕೆ ಬರುವುದಿಲ್ಲ! ನಮ್ಮ ಶೀನನನ್ನು ಕರೆಯಿರಿ!"

ಶೀನಪ್ಪ ಓಡಿದರು. ಸುಬ್ಬಪ್ಪ ಚೀಟಿ ಕೊರಳಿನಿಂದ ತೆಗೆಯುವಾಗ ಸೋತದ್ದಕ್ಕಿಂತ ಹೆಚ್ಚು ಆಶ್ಚರ್ಯದಲ್ಲಿದ್ದರು. "ನಲ್ವತ್ತು ನಿಮಿಷದಲ್ಲಿ ನನ್ನ ತಲೆ ಹಾಳಾಯ್ತು. ನಾಳೆವರೆಗೆ ನೀವು ಹೇಗೆ ಕೂರ್ತೀರಿ ಮಾರಾಯ್ರೆ?"

"ಡ್ರೈವರ್ ಕೆಲಸ ಅಂದರೆ ಓಡಿಸುವುದು ಒಂದು ಗಂಟೆ, ಕಾಯುವುದು ಒಂಬತ್ತು ಗಂಟೆ," ಎಂದರು ಶೀನಪ್ಪ. "ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದು ಅದನ್ನೇ."

ಆ ಬೆಂಚಿನಲ್ಲಿ ಶೀನಪ್ಪ ಕೂತ ಕ್ರಮವನ್ನು ಕೇಳಿದರೆ ನೀವೂ ಮೆಚ್ಚುತ್ತೀರಿ. ಬೆನ್ನು ಗೋಡೆಗೆ, ಚೀಲ ಕಾಲಿನ ನಡುವೆ, ಒಂದು ಕಿವಿ ಸಿಸ್ಟರಿನ ಬಾಗಿಲಿಗೆ, ಇನ್ನೊಂದು ಅವ್ವಮ್ಮನ ಮಾತಿಗೆ. ಫೋನ್ ಜೇಬಿನಲ್ಲಿ. ಕರೆಯುವ ಅರ್ಧ ನಿಮಿಷ ಮೊದಲೇ ಎದ್ದು ನಿಂತಿರುತ್ತಿದ್ದರು. ಯಾರ ಮದ್ದು ಯಾವ ಕಣ್ಣಿಗೆ, ಯಾವ ಕೌಂಟರಿನಲ್ಲಿ ಯಾವ ಕಾಗದಕ್ಕೆ ಮೊಹರು, ಎಲ್ಲ ಗೊತ್ತಾಗಿಹೋಗಿತ್ತು.

ಅಷ್ಟರಲ್ಲಿ ಎದುರು ಬೆಂಚಿನಲ್ಲಿ ಗಲಾಟೆ. ಕಕ್ಕಿಂಜೆಯಿಂದ ಬಂದ ವೆಂಕಪ್ಪ ಮತ್ತು ಸೇಸಮ್ಮ, ಗಂಡ ಹೆಂಡತಿ. ಇಬ್ಬರಿಗೂ ಅದೇ ದಿನ ಆಪರೇಷನ್. ಬೈಸ್ಟ್ಯಾಂಡರ್ ಯಾರೆಂಬಲ್ಲಿ ಗಂಡನ ಕಾಗದದಲ್ಲಿ ಹೆಂಡತಿಯ ಹೆಸರು, ಹೆಂಡತಿಯ ಕಾಗದದಲ್ಲಿ ಗಂಡನ ಹೆಸರು.

"ಇಬ್ಬರಿಗೂ ಕಣ್ಣು ಕಟ್ಟಿದ ಮೇಲೆ ಯಾರು ಯಾರನ್ನು ನೋಡಿಕೊಳ್ಳುವುದು ಅಜ್ಜ?" ಎಂದು ಸಿಸ್ಟರ್ ಕೇಳಿದರು.

"ನನಗೆ ಎಡದ್ದು, ಅವಳಿಗೆ ಬಲದ್ದು," ಎಂದರು ವೆಂಕಪ್ಪ ಗಂಭೀರವಾಗಿ. "ಒಟ್ಟಿಗೆ ನಡೆದರೆ ಎರಡು ಕಣ್ಣು ಆಗ್ತದಲ್ಲ?"

ಸಿಸ್ಟರ್ ಎರಡೂ ಕಾಗದ ವಾಪಸು ಕೊಟ್ಟರು. ಅಷ್ಟು ದೂರದಿಂದ ಬೆಳಗಿನ ಜಾವದ ಬಸ್ಸು ಹಿಡಿದು ಬಂದವರು ಚೀಲ ಎತ್ತಿಕೊಳ್ಳುವುದನ್ನು ನೋಡಿ ಶೀನಪ್ಪ ಎದ್ದರು. "ಸಿಸ್ಟರ್, ನಾನು ಹೇಗೂ ಕೂತಿದ್ದೇನೆ. ಇವರದ್ದೂ ನನ್ನ ಹೆಸರಿಗೆ ಹಾಕಿ." ಕೊರಳಲ್ಲಿ ಮೂರು ಚೀಟಿಯಾಯಿತು. ಮಧ್ಯಾಹ್ನ ಮೂರೂ ಆಪರೇಷನ್ ಮುಗಿಯಿತು. ಸಂಜೆ ಮೂವರಿಗೂ ಗಂಜಿ, ಮೂವರಿಗೂ ಮಾತ್ರೆ, ಮೂವರನ್ನೂ ಕೈಹಿಡಿದು ಬಚ್ಚಲಿನ ಬಾಗಿಲ ತನಕ. ಅವ್ವಮ್ಮನನ್ನೂ ಸೇಸಮ್ಮನನ್ನೂ ಅಲ್ಲಿಂದ ಮುಂದೆ ಆಯಾ ಕರೆದೊಯ್ಯುತ್ತಿದ್ದಳು.

ಭಾನುವಾರ ಎಂಟಕ್ಕೆ ಡಾಕ್ಟರು ಕಟ್ಟು ಬಿಚ್ಚಬೇಕಿತ್ತು. ಯಾರೋ ಮರದಿಂದ ಬಿದ್ದು ಕಣ್ಣಿಗೆ ಕಡ್ಡಿ ಚುಚ್ಚಿಕೊಂಡು ಬಂದರು. ಡಾಕ್ಟರು ಆ ಕಡೆ ಹೋದರು. ಒಂಬತ್ತಾಯಿತು, ಹತ್ತಾಯಿತು. ಅದೇನು ದುರದೃಷ್ಟವೋ, ನಮ್ಮೂರ ಇತಿಹಾಸದಲ್ಲೇ ಮೊದಲ ಸಲ ಕಾರ್ಯಕ್ರಮ ಹತ್ತು ಗಂಟೆಗೆ ಸರಿಯಾಗಿ ಶುರುವಾಯಿತು. ಮುಖ್ಯ ಅತಿಥಿಗಳಿಗೆ ಇನ್ನೊಂದು ಊರಿನಲ್ಲಿ ಮದುವೆಯಿತ್ತು.

ಇಲ್ಲಿಂದ ಮುಂದಿನದಕ್ಕೆ ನಾನೇ ಸಾಕ್ಷಿ. ವೇದಿಕೆಯ ಮೇಲೆ ಹದಿನಾರು ಜನ, ಒಂದು ಖಾಲಿ ಕುರ್ಚಿ. ಎದುರಿಗೆ ಶಾಲೆಯ ಅಂಗಳ ತುಂಬ ಮಕ್ಕಳು, ಪೋಷಕರು, ಹಳೆ ವಿದ್ಯಾರ್ಥಿಗಳು. ಎರಡನೆಯ ಸಾಲಿನಲ್ಲಿ ಹಸಿರು ಸೀರೆ ಉಟ್ಟ ಶಶಿಪ್ರಭಾ ನೆಲ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಅಣ್ಣ ವಾಚು ನೋಡುತ್ತಿದ್ದ. ಪರಿಚಯ ಒಂದೊಂದಾಗಿ ಮುಗಿಯಿತು. ನನ್ನದನ್ನು ಸಂದೇಶ ಅರ್ಧ ನಿಮಿಷದಲ್ಲಿ ಮುಗಿಸಿದ, ಅದು ಬೇರೆ ವಿಷಯ. ಶೀನಪ್ಪನ ಸರದಿ ಬಂದಾಗ ಸಂದೇಶ ಬೆವರಿದ. ಒಂದು ಕೈಯಲ್ಲಿ ಮೈಕು ಹಿಡಿದಂತೆಯೇ ಇನ್ನೊಂದು ಕೈಯಲ್ಲಿ ಫೋನ್ ಮಾಡಿದ. ಆ ಗಡಿಬಿಡಿಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಕಿವಿಗೆ ಹಿಡಿಯಲು ಹೋದ. ಮೈಕು ಅದರ ಪಕ್ಕದಲ್ಲೇ ಇತ್ತು.

"ಹಲೋ ಶೀನಪ್ಪಣ್ಣ, ಎಲ್ಲಿದ್ದೀರಿ? ನಿಮ್ಮ ಹೆಸರು ಕರೆದಾಯ್ತು!"

"ಬರಲಿಕ್ಕೆ ಆಗುವುದಿಲ್ಲ ಸಂದೇಶ." ಅಂಗಳದ ಎಂಟೂ ಸ್ಪೀಕರುಗಳಿಂದ ಶೀನಪ್ಪನ ಸ್ವರ ಬಂತು. "ಡಾಕ್ಟರು ಈಗ ಬಂದರಷ್ಟೆ. ನಾನು ಎದ್ದರೆ ಇವರನ್ನು ಹಿಡಿಯುವವರಿಲ್ಲ."

"ಪರಿಚಯಕ್ಕೆ ನಾನು ಎಂತ ಓದುವುದು? ಪಟ್ಟಿಯೂ ಕೊಟ್ಟಿಲ್ಲ!"

"ಒಂದು ನಿಮಿಷ ಇರು, ಕರೀತಾ ಇದ್ದಾರೆ."

ಆಗ ಹಿಂದಿನಿಂದ ಸಿಸ್ಟರಿನ ಸ್ವರ, ಗಟ್ಟಿಯಾಗಿ. "ಅವ್ವಮ್ಮ! ಅವ್ವಮ್ಮನ ಬೈಸ್ಟ್ಯಾಂಡರ್ ಯಾರು?"

"ನಾನು."

"ವೆಂಕಪ್ಪ, ಕಕ್ಕಿಂಜೆ. ಬೈಸ್ಟ್ಯಾಂಡರ್?"

"ನಾನು."

"ಸೇಸಮ್ಮ?"

"ಅದೂ ನಾನೇ ಸಿಸ್ಟರ್."

ಅಂಗಳದಲ್ಲಿ ಮಕ್ಕಳೂ ಸ್ಪೀಕರಿನ ಕಡೆ ತಿರುಗಿದ್ದರು. ಸಂದೇಶ ಫೋನನ್ನು ತೆಗೆಯಲೂ ಇಲ್ಲ, ಮುಚ್ಚಲೂ ಇಲ್ಲ.

"ಬಿಡುಗಡೆ ಮಧ್ಯಾಹ್ನದ ಮೇಲೆ, ಈಗ ಕಾಗದ ತುಂಬಿಸಬೇಕು," ಎಂದಿತು ಸಿಸ್ಟರಿನ ಸ್ವರ. "ಇವರು ನಿಮಗೆ ಎಂತ ಆಗಬೇಕು? ಸಂಬಂಧ?"

"ಅವ್ವಮ್ಮ ನಮ್ಮ ಊರು."

"ಇವರಿಬ್ಬರು ಕಕ್ಕಿಂಜೆಯವರಲ್ಲವಾ? ನೀವು ಮೆಲ್ಕಾರ್. ಇವರು ಎಂತ ಆಗಬೇಕು?"

ಶೀನಪ್ಪ ಸುಳ್ಳು ಬರೆಸುವ ಜನವಲ್ಲ.

"ನಿನ್ನೆಯಿಂದ ಒಂದೇ ಬೆಂಚು ಸಿಸ್ಟರ್. ಹಾಗೇ ಬರೆಯಿರಿ."

ಯಾರು ಮೊದಲು ಚಪ್ಪಾಳೆ ತಟ್ಟಿದರೆಂದು ಊರಿನಲ್ಲಿ ಇವತ್ತಿಗೂ ಚರ್ಚೆಯಿದೆ. ನಾನು ವೇದಿಕೆಯ ಮೇಲಿದ್ದೆ, ನನಗೆ ಗೊತ್ತು. ಸುಬ್ಬಪ್ಪ. ಮೊದಲ ಸಾಲಿನಿಂದ ಎದ್ದು ನಿಂತು ತಟ್ಟಿದರು, ಆ ಬೆಂಚು ಎಷ್ಟು ಗಟ್ಟಿಯೆಂದು ನಮ್ಮ ಪೈಕಿ ತಿಳಿದಿದ್ದವರು ಅವರೊಬ್ಬರೇ. ಆಮೇಲೆ ಇಡೀ ಅಂಗಳ ತಟ್ಟಿತು. ಮಕ್ಕಳು ನಿಲ್ಲಿಸಲೇ ಇಲ್ಲ. ನನಗೆ ಹೆಮ್ಮೆಯಾಯಿತು, ಕಣ್ಣೂ ಒದ್ದೆಯಾಯಿತು, ಅದನ್ನು ಬಚ್ಚಿಡುವುದಿಲ್ಲ. ಮುಖ್ಯ ಅತಿಥಿಗಳು ಯಾರು ಬಂದರೆಂದು ತಿರುಗಿ ಗೇಟಿನ ಕಡೆ ನೋಡಿದರು.

ಗದ್ದಲದ ನಡುವೆ ಫೋನಿನಿಂದ ಅವ್ವಮ್ಮನ ಸ್ವರ ಬಂತು. ಕಟ್ಟು ಬಿಚ್ಚಿಯಾಗಿತ್ತು. "ಅಯ್ಯೋ ಶೀನಾ, ನಿನ್ನ ತಲೆ ಇಷ್ಟು ಬೋಳಾ? ಯಾರೂ ಹೇಳಿಯೇ ಇಲ್ಲವಲ್ಲ! ಎಲ್ಲರೂ ಸುಳ್ಳರು! ನಡಿ, ಹೋಗುವ, ಆ ಮಗುವನ್ನು ನಾನೇ ನೋಡಬೇಕು!"

ಸಂದೇಶ ಆಗ ಫೋನ್ ಮುಚ್ಚಿದ. ಓದಲು ಅವನಿಗೆ ಏನೂ ಉಳಿದಿರಲಿಲ್ಲ. ಪರಿಚಯ ಎರಡು ನಿಮಿಷವೇ ಆಗಿತ್ತು.

ಎರಡನೆಯ ಸಾಲಿನಲ್ಲಿ ಶಶಿಪ್ರಭಾ ಎದ್ದರು. ಕಾರ್ಯಕ್ರಮ ಮುಗಿಯುವ ಮೊದಲು ಊಟದ ಚಪ್ಪರಕ್ಕೆ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅವರು ಎಲ್ಲರ ಎದುರಿಗೇ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯೆತ್ತಿ, ಕುರ್ಚಿಗಳ ನಡುವಿನ ದಾರಿಯಲ್ಲಿ ಸೀದಾ ಅಲ್ಲಿಗೆ ನಡೆದರು.

"ನಾಲ್ಕು ಜನಕ್ಕೆ ಊಟ ಕಟ್ಟಿಕೊಡಿ, ಬೇಗ. ಹನ್ನೊಂದೂ ಕಾಲಿಗೆ ಮೂಡುಬಿದಿರೆ ಬಸ್ಸು ಉಂಟು."

ಬಡಿಸುವವ ಸೌಟು ಹಿಡಿದು ಕೇಳಿದ, "ಯಾರಿಗೆ ಅಕ್ಕ?"

"ಒಬ್ಬರು ನನ್ನ ಗಂಡ," ಎಂದರು ಶಶಿಪ್ರಭಾ, ಇಡೀ ಅಂಗಳಕ್ಕೆ ಕೇಳುವ ಹಾಗೆ. "ಉಳಿದ ಮೂವರು ನಿನ್ನೆಯಿಂದ ನಮ್ಮ ನೆಂಟರು. ಪಾಯಸ ಜಾಸ್ತಿ ಹಾಕು."